ಮನುಷ್ಯನನ್ನು ಅಳೆಯುವ ಮಾತುಗಳು

ಪ್ರತಿಯೊಂದು ವಿಜ್ಞಾನಕ್ಕೂ ತನ್ನದೇ ಆದ ಪರಿಭಾಷೆಯುಂಟು. ಆ ಪರಿಭಾಷೆಯ ಪದಗಳಲ್ಲಿ ಕೆಲವು ಹೊಸದಾಗಿ ಟಂಕಿಸಿದವು. ಉಳಿದವು ನಾವು ದಿನನಿತ್ಯ ಆಡುವ ಮಾತಿನಿಂದಲೇ ಎತ್ತಿಕೊಂಡವು. ಹೊಸ ಪದಗಳಿಂದ ವಿದ್ಯಾರ್ಥಿಗಳಿಗೆ ಅಷ್ಟಾಗಿ ತೊಡಕಿಲ್ಲ. ಅರ್ಥವಾಗದಿದ್ದರೆ, ಅರ್ಥವಾಗಲಿಲ್ಲವೆಂಬುದಾದರೂ ಅವರಿಗೆ ಗೊತ್ತಾಗುತ್ತದೆ. ತೊಡಕು ಬರುವುದು ಹಳೆಯ ಪದಗಳಿಂದಲೇ. ಬಾಲ್ಯದಿಂದ ಬಲ್ಲ ಮಾತಾದುದರಿಂದ ಅದರ ಅರ್ಥ ತಿಳಿದೇ ಇದೆಯೆಂದು ನಾವು ಭಾವಿಸುತ್ತೇವೆ. ಆದರೆ ವಿಜ್ಞಾನ ಅದಕ್ಕೆ ಬೇರೊಂದು ಅರ್ಥವನ್ನು ಕಟ್ಟಿಕೊಟ್ಟಿರುತ್ತದೆ.

ಭೌತಶಾಸ್ತ್ರದ 'ಕೆಲಸ' ಎಂಬ ಪದವನ್ನೇ ತೆಗೆದುಕೊಳ್ಳೋಣ. ಜಯನಗರ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಲ್ಲಿ ಹಮಾಲಿಯೊಬ್ಬನು 50 ಕಿಲೋಗ್ರಾಂ ಅಕ್ಕಿಯ ಮೂಟೆಯನ್ನು ತಲೆಯ ಮೇಲೆ ಹೊತ್ತು, ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಲ್ಲಿ 100 ಮೀಟರು ನಡೆದನೆನ್ನಿ. ಮೂಟೆಯನ್ನು ಎತ್ತಿ ಹಿಡಿದಿರುವ ಬಲವು ಮೇಲ್ಮುಖವಾಗಿದೆ. ಮೂಟೆ ಚಲಿಸಿದುದು ಅಡ್ಡಲಾಗಿ. ಇವೆರಡರ ನಡುವಣ ಕೋನ 90 ಡಿಗ್ರಿ. ಆದುದರಿಂದ ಆ ಬಲವು ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅಂಗಡಿಯ ಯಜಮಾನನು, "ನೀನು ಕೆಲಸವನ್ನೇ ಮಾಡಲಿಲ್ಲವೆಂದು ವಿಜ್ಞಾನ ಹೇಳುತ್ತದೆ, ಕೂಲಿ ಯಾವುದು?" ಎಂದು ಕೇಳಿದರೆ ಏನೆನ್ನಬೇಕು? ಇಲ್ಲಿ ವಿಜ್ಞಾನ ಸುಳ್ಳಾಡಿಲ್ಲ. ಒಂದು ಪದವನ್ನು ಅದು ಹುಟ್ಟಿದ ಜಾಗದಿಂದ ಕಿತ್ತು ಬೇರೊಂದು ಜಾಗದಲ್ಲಿ ನೆಟ್ಟುದರಿಂದ ಅನ್ಯಾಯವಾಗಿದೆ.

ಭೌತಶಾಸ್ತ್ರದಲ್ಲಿ ಇಂತಹ ತಪ್ಪು ನಗೆಯಲ್ಲಿ ಮುಗಿಯುತ್ತದೆ. ಮೂಟೆಗೆ ಕಿವಿಯಿಲ್ಲ, ಕಲ್ಲಿಗೆ ಮಾನವಿಲ್ಲ. ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಸಂಗತಿ ಹಾಗಲ್ಲ. ಅವುಗಳ ವಸ್ತು ಮನುಷ್ಯ. ಅವನು ತನ್ನನ್ನು ಕುರಿತು ಆಡಿದ ಪದವನ್ನು ಕೇಳುತ್ತಾನೆ, ನೋಯುತ್ತಾನೆ, ಕೆಲವೊಮ್ಮೆ ಅದನ್ನು ನಂಬಿಯೂ ಬಿಡುತ್ತಾನೆ. ಆದುದರಿಂದ ಈ ಎರಡು ಶಾಸ್ತ್ರಗಳ ಪದಗಳನ್ನು ಬಳಸುವವರು ಭೌತಶಾಸ್ತ್ರದ ವಿದ್ಯಾರ್ಥಿಗಿಂತ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ. ಅಂತಹ ಕೆಲವು ಮುಖ್ಯ ಪದಗಳನ್ನು ಇಲ್ಲಿ ಪರಿಚಯ ಮಾಡಿಕೊಡುವುದು ನನ್ನ ಉದ್ದೇಶ. ಮೊದಲು ಬುದ್ಧಿಯ ಅಳತೆ, ಬಳಿಕ ಸಮೂಹ ಮತ್ತು ಜಾತಿಯ ಅಧ್ಯಯನ, ಅನಂತರ ನೆನಪು, ಕೊನೆಗೆ ಮನಸ್ಸಿನ ಕಾಯಿಲೆ: ಈ ನಾಲ್ಕಕ್ಕೂ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ದೊರೆಯುತ್ತವೆ.

ಎರಡು ಶಾಸ್ತ್ರಗಳು

ಒಬ್ಬ ವ್ಯಕ್ತಿಯ ವರ್ತನೆಯನ್ನೂ ಅದರ ಹಿಂದಿರುವ ಮಾನಸಿಕ ವ್ಯಾಪಾರಗಳನ್ನೂ ಕ್ರಮಬದ್ಧವಾಗಿ ಅಭ್ಯಾಸ ಮಾಡುವುದು ಮನಶ್ಶಾಸ್ತ್ರ. ಮನುಷ್ಯರ ನಡುವಣ ಸಂಬಂಧಗಳನ್ನೂ ಆ ಸಂಬಂಧಗಳಿಂದ ಕಟ್ಟಿದ ವ್ಯವಸ್ಥೆಗಳನ್ನೂ ಅಭ್ಯಾಸ ಮಾಡುವುದು ಸಮಾಜಶಾಸ್ತ್ರ. ಪರೀಕ್ಷೆಯ ಕೊಠಡಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೈ ನಡುಗುವುದೇಕೆ ಎಂಬುದು ಮೊದಲನೆಯ ಶಾಸ್ತ್ರದ ಪ್ರಶ್ನೆ. ಒಂದು ಊರಿನಲ್ಲಿ ಹೆಣ್ಣುಮಕ್ಕಳು ಪರೀಕ್ಷೆಯ ಕೊಠಡಿಯವರೆಗೆ ಬರುವುದೇ ಅಪರೂಪ, ಮತ್ತೊಂದು ಊರಿನಲ್ಲಿ ಅದೇ ಸಾಮಾನ್ಯ. ಇದೇಕೆ ಎಂಬುದು ಎರಡನೆಯದರ ಪ್ರಶ್ನೆ.

ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದಂದಿನಿಂದ ಮನಶ್ಶಾಸ್ತ್ರ ಒಂದು ಪ್ರಾಯೋಗಿಕ ವಿಜ್ಞಾನವಾಯಿತೆಂದು ಎಣಿಸುವುದು ವಾಡಿಕೆ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದುದು 1916ರಲ್ಲಿ. ಅದರ ಮನಶ್ಶಾಸ್ತ್ರ ವಿಭಾಗ ಹುಟ್ಟಿದುದು 1924ರಲ್ಲಿ. ಲಂಡನ್ನಿನಲ್ಲಿ ಅಭ್ಯಾಸ ಮಾಡಿ ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಸಿದರು. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದವರೂ ಅವರೇ.

ಈ ಶಾಸ್ತ್ರಗಳಿಗೆ ಭೌತಶಾಸ್ತ್ರದಿಂದ ಸಂದ ಒಂದು ಕಾಣಿಕೆಯನ್ನು ಇಲ್ಲಿ ಹೇಳಬೇಕು. ಅತಿ ಒತ್ತಡದಲ್ಲಿ ವಸ್ತುಗಳ ಗುಣಗಳನ್ನು ಪರೀಕ್ಷಿಸಿ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ಪರ್ಸಿ ಬ್ರಿಜ್‌ಮನ್, 1927ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಒಂದು ಪರಿಕಲ್ಪನೆಯ ಅರ್ಥವನ್ನು ಅದನ್ನು ಅಳೆಯಲು ನಾವು ನಡೆಸುವ ಕ್ರಿಯೆಗಳಲ್ಲಿಯೇ ಹುಡುಕಬೇಕೆಂಬುದು ಅವನ ವಾದ. 'ಉದ್ದ' ಎಂದರೇನು? ಅಳತೆಗೋಲನ್ನು ಇಟ್ಟು, ಗುರುತು ಮಾಡಿ, ಎಣಿಸುವ ಕ್ರಿಯೆ. ಇಂತಹ ನಿರೂಪಣೆಯನ್ನು ಕಾರ್ಯಾತ್ಮಕ ವ್ಯಾಖ್ಯೆ ಎನ್ನುವರು. ಮನಶ್ಶಾಸ್ತ್ರಜ್ಞರು ಇದನ್ನು ಬೇಗನೆ ಕೈಗೆತ್ತಿಕೊಂಡರು. ಭಯ, ಹಸಿವು, ಬುದ್ಧಿ ಇವುಗಳನ್ನು ಕಣ್ಣಿನಿಂದ ಕಾಣಲಾಗದಿದ್ದರೂ ಅವುಗಳನ್ನು ಅಳೆದ ಬಗೆಯನ್ನು ಎಲ್ಲರಿಗೂ ತಿಳಿಯುವಂತೆ ಹೇಳಬಹುದಷ್ಟೆ. ಮುಂದೆ ಬರುವ ಪ್ರತಿಯೊಂದು ಪದವನ್ನೂ ಓದುವಾಗ "ಇದನ್ನು ಅಳೆದುದು ಹೇಗೆ, ಕಂಡುದು ಎಲ್ಲಿಂದ?" ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿರಲಿ.

ಬುದ್ಧಿಯ ಅಳತೆ

ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ವಿಶೇಷ ಸಹಾಯ ಬೇಕೆಂಬುದನ್ನು ಗುರುತಿಸುವ ಸಲುವಾಗಿ ಆಲ್‌ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ ಎಂಬಿಬ್ಬರು 1905ರಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಸಾಮಾನ್ಯವಾಗಿ ಹತ್ತು ವರ್ಷದ ಮಕ್ಕಳು ಬಿಡಿಸುವಷ್ಟು ಪ್ರಶ್ನೆಗಳನ್ನು ಒಂದು ಮಗು ಬಿಡಿಸಿದರೆ ಅದರ ಮಾನಸಿಕ ವಯಸ್ಸು ಹತ್ತು ಎನ್ನುವರು. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಸೂಚನೆಯನ್ನು ವಿಲಿಯಂ ಸ್ಟೆರ್ನ್ 1912ರಲ್ಲಿ ಕೊಟ್ಟನು. ಅಮೆರಿಕದ ಲೂಯಿ ಟರ್ಮನ್ 1916ರಲ್ಲಿ ಅದನ್ನು 100ರಿಂದ ಗುಣಿಸಿ ಬಳಕೆಗೆ ತಂದನು. ಇದೇ ಬುದ್ಧಿಲಬ್ಧ, ನಾವು ಆಡುಮಾತಿನಲ್ಲಿ ಐ.ಕ್ಯೂ. ಎನ್ನುವುದು. ಎಂಟು ವರ್ಷದ ಮಗುವಿನ ಮಾನಸಿಕ ವಯಸ್ಸು ಹತ್ತಾಗಿದ್ದರೆ, 10ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿದಾಗ 125 ದೊರೆಯುತ್ತದೆ. ಈಗಿನ ಪರೀಕ್ಷೆಗಳಲ್ಲಿ ಈ ಭಾಗಾಕಾರವನ್ನು ಬಿಟ್ಟು, ಅದೇ ವಯಸ್ಸಿನವರ ಸರಾಸರಿಯನ್ನು 100 ಎಂದು ಇಟ್ಟುಕೊಳ್ಳುತ್ತಾರೆ. ಸಾಮಾನ್ಯವಾಗಿ ನೂರಕ್ಕೆ ಸುಮಾರು 68 ಮಂದಿ 85 ಮತ್ತು 115ರ ನಡುವೆ ಬರುವಂತೆ ಅಳತೆಯನ್ನು ಹೊಂದಿಸಿರುತ್ತಾರೆ.

ಈ ಪರೀಕ್ಷೆಗಳನ್ನು ಕನ್ನಡದ ಮಕ್ಕಳಿಗೆ ಹಾಗೆಯೇ ಕೊಡಬಹುದೆ? ವಿ. ವಿ. ಕಾಮತರು ಕೈಗೆತ್ತಿಕೊಂಡ ಪ್ರಶ್ನೆ ಇದು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆಯ ಪರೀಕ್ಷೆಗಳನ್ನು ಪರಿಷ್ಕರಿಸಿ ಅವರು 1934ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ದೇಶದಾದ್ಯಂತ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂದಿತು.

ಪರಿಷ್ಕರಣ ಏಕೆ ಬೇಕು, ಭಾಷಾಂತರವಷ್ಟೇ ಏಕೆ ಸಾಲದು ಎಂಬುದನ್ನು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಕೆಲವು ಅಂಕೆಗಳನ್ನು ಹೇಳಿ, ಅದೇ ಕ್ರಮದಲ್ಲಿ ಹಿಂದಿರುಗಿ ಹೇಳಿಸುವುದು ಬುದ್ಧಿಪರೀಕ್ಷೆಗಳಲ್ಲಿ ಸಾಮಾನ್ಯ. ಇಂಗ್ಲಿಷಿನ 'ಟೂ' ಒಂದೇ ಉಚ್ಚಾರದಲ್ಲಿ ಮುಗಿಯುತ್ತದೆ. ನಮ್ಮ 'ಎರಡು' ಎಂಬುದಕ್ಕೆ ಮೂರು ಅಕ್ಷರ ಬೇಕು. 'ನೈನ್' ಮತ್ತು 'ಒಂಬತ್ತು' ಇವುಗಳನ್ನು ಹೋಲಿಸಿ ನೋಡಿ. ಉಚ್ಚರಿಸಲು ಹೆಚ್ಚು ಕಾಲ ಹಿಡಿಯುವ ಪದಗಳನ್ನು ನಾವು ಒಮ್ಮೆಗೆ ಕಡಮೆ ಸಂಖ್ಯೆಯಲ್ಲಿ ಮಾತ್ರ ನೆನಪಿನಲ್ಲಿ ಹಿಡಿದಿಡಬಲ್ಲೆವೆಂಬುದು ಪ್ರಯೋಗಗಳಿಂದ ತಿಳಿದಿದೆ. ಹೀಗಿರುವಲ್ಲಿ ಇಂಗ್ಲಿಷ್ ಮಕ್ಕಳ ಸರಾಸರಿಯನ್ನು ಹಿಡಿದು ಕನ್ನಡದ ಮಗುವನ್ನು ತೂಗಿದರೆ, ಭಾಷೆಯ ಉದ್ದವನ್ನು ಮಗುವಿನ ಬುದ್ಧಿಯ ಕೊರತೆಯೆಂದು ಲೆಕ್ಕ ಹಾಕಿದಂತಾಗುತ್ತದೆ. ಆದುದರಿಂದ ಯಾವ ಜನರನ್ನು ಅಳೆಯಬೇಕೋ ಆ ಜನರಲ್ಲಿಯೇ ಪರೀಕ್ಷೆ ನಡೆಸಿ ಸರಾಸರಿಯನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಪ್ರಮಾಣೀಕರಣವೆಂದು ಹೆಸರು.

ಇದರೊಡನೆ ಇನ್ನೆರಡು ಪದಗಳನ್ನು ಕಲಿಯಬೇಕು. ಅದೇ ಮಗುವನ್ನು ಮತ್ತೊಮ್ಮೆ ಪರೀಕ್ಷಿಸಿದಾಗ ಸುಮಾರಾಗಿ ಅದೇ ಅಂಕ ಬಂದರೆ ಪರೀಕ್ಷೆಗೆ ವಿಶ್ವಸನೀಯತೆ ಇದೆಯೆನ್ನುವರು. ಅದು ಯಾವುದನ್ನು ಅಳೆಯುತ್ತೇನೆಂದು ಹೇಳಿಕೊಳ್ಳುತ್ತದೋ ಅದನ್ನೇ ಅಳೆಯುತ್ತಿದ್ದರೆ ಅದಕ್ಕೆ ಸಿಂಧುತ್ವವಿದೆಯೆನ್ನುವರು. ಯಾವಾಗಲೂ 200 ಗ್ರಾಂ ಹೆಚ್ಚಾಗಿಯೇ ತೋರಿಸುವ ತಕ್ಕಡಿ ವಿಶ್ವಸನೀಯವಾದುದು, ಆದರೆ ಅದರ ತೂಕ ಸರಿಯಲ್ಲ. ಗಡಿಯಾರದಿಂದ ತೂಕವನ್ನು ತಿಳಿಯಹೊರಟರೆ, ಗಡಿಯಾರ ಎಷ್ಟೇ ಕರಾರುವಾಕ್ಕಾಗಿರಲಿ, ಸಿಂಧುತ್ವ ಇರಲಾರದು.

ಮತ್ತೊಂದು ಎಚ್ಚರಿಕೆಯುಂಟು. 40 ಡಿಗ್ರಿ ಸೆಲ್ಸಿಯಸ್ ಎಂಬುದು 20 ಡಿಗ್ರಿಯ ಎರಡರಷ್ಟು ಉಷ್ಣತೆಯಲ್ಲವೆಂದು ನೀವು ಕಲಿತಿರುವಿರಿ. ಆ ಮಾಪಕದ ಸೊನ್ನೆ ನಾವು ಅನುಕೂಲಕ್ಕಾಗಿ ಇಟ್ಟುಕೊಂಡದ್ದು. ಬುದ್ಧಿಲಬ್ಧದಲ್ಲಿಯಾದರೋ ನಿಜವಾದ ಸೊನ್ನೆಯೆಂಬುದೇ ಇಲ್ಲ. ಆದುದರಿಂದ 120 ಬಂದವನು 60 ಬಂದವನ ಎರಡರಷ್ಟು ಬುದ್ಧಿವಂತನೆಂಬ ಮಾತಿಗೆ ಅರ್ಥವೇ ಇಲ್ಲ. ಅದು ಸಮವಯಸ್ಕರ ಸಾಲಿನಲ್ಲಿ ಒಂದು ದಿನ, ಒಂದು ಪರೀಕ್ಷೆಯಲ್ಲಿ, ಒಬ್ಬನು ನಿಂತ ಜಾಗವನ್ನು ಸೂಚಿಸುತ್ತದೆ, ಅಷ್ಟೆ. ಮೊಬೈಲ್ ಫೋನಿನಲ್ಲಿ ಹತ್ತು ನಿಮಿಷ ಗುಂಡಿಯೊತ್ತಿ ಪಡೆದ ಅಂಕೆಯನ್ನು ಕಂಡು ಉಬ್ಬುವವರೂ ಕುಗ್ಗುವವರೂ ಇದನ್ನು ನೆನಪಿಡುವುದು ಒಳ್ಳೆಯದು. ಬಿನೆಯ ಉದ್ದೇಶ ಸಹಾಯ ಬೇಕಾದ ಮಗುವನ್ನು ಹುಡುಕುವುದಾಗಿತ್ತು. ಮಗುವಿನ ಹಣೆಯ ಮೇಲೆ ಬೆಲೆಯ ಚೀಟಿ ಅಂಟಿಸುವುದಾಗಿರಲಿಲ್ಲ.

ಸಮೂಹ, ಅಂತಸ್ತು, ಪಾತ್ರ

ವ್ಯಕ್ತಿಯಿಂದ ಈಗ ಸಮಾಜದ ಕಡೆಗೆ ತಿರುಗೋಣ. ಬೆಂಗಳೂರಿನ ದಕ್ಷಿಣ ಭಾಗದ ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲಿರುವ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳವು. ಹಳ್ಳಿಯಲ್ಲಿ ಎದುರಿಗೆ ಬಂದವನು ಯಾರ ಮಗ, ಯಾವ ಮನೆಯವನು, ನೆಲ ಎಷ್ಟು, ಸಾಲ ಎಷ್ಟು ಎಂಬುದೆಲ್ಲ ನೋಡಿದವರಿಗೆ ತಿಳಿದಿರುತ್ತದೆ. ಅದೇ ನೆಲದ ಮೇಲೆ ಈಗ ಎದ್ದಿರುವ ವಸತಿಗೃಹಗಳಲ್ಲಿ, ಪಕ್ಕದ ಕೋಣೆಯ ವಿದ್ಯಾರ್ಥಿಯ ಊರು ಯಾವುದೆಂಬುದೂ ತಿಳಿಯದೆ ಒಂದು ವರ್ಷ ಕಳೆಯುವುದುಂಟು.

ಅಮೆರಿಕದ ಚಾರ್ಲ್ಸ್ ಕೂಲಿ 1909ರಲ್ಲಿ ಪ್ರಾಥಮಿಕ ಸಮೂಹವೆಂಬ ಪದವನ್ನು ಬಳಕೆಗೆ ತಂದನು. ಕುಟುಂಬ, ಆಟದ ಗೆಳೆಯರು, ಹಳೆಯ ನೆರೆಹೊರೆ ಇವು ಪ್ರಾಥಮಿಕ ಸಮೂಹಗಳು. ಇಲ್ಲಿ ಮುಖಾಮುಖಿ ಸಂಬಂಧವಿರುತ್ತದೆ, ಮನುಷ್ಯನನ್ನು ಇಡಿಯಾಗಿ ಬಲ್ಲವರಿರುತ್ತಾರೆ. ಬ್ಯಾಂಕು, ಕಚೇರಿ, ಕಾರ್ಖಾನೆ ಮೊದಲಾದವು ದ್ವಿತೀಯಕ ಸಮೂಹಗಳು. ಇಲ್ಲಿ ಒಂದು ಗೊತ್ತಾದ ಪ್ರಯೋಜನಕ್ಕಾಗಿ ಜನ ಸೇರುತ್ತಾರೆ. 'ದ್ವಿತೀಯಕ' ಎಂದಮಾತ್ರಕ್ಕೆ ಕೀಳಾದುದು ಎಂದಲ್ಲ. ಹಳ್ಳಿಯ ಕಣ್ಣುಗಳಿಂದ ತಪ್ಪಿಸಿಕೊಂಡು ಉಸಿರಾಡಲೆಂದೇ ನಗರಕ್ಕೆ ಬಂದವರೂ ಇದ್ದಾರೆ. ಪದವು ಸಂಬಂಧದ ಬಗೆಯನ್ನು ಹೇಳುತ್ತದೆಯೇ ಹೊರತು ಅದರ ಬೆಲೆಯನ್ನಲ್ಲ.

ಸಮಾಜದಲ್ಲಿ ವ್ಯಕ್ತಿಗೆ ಇರುವ ಸ್ಥಾನವನ್ನು ಅಂತಸ್ತು ಎನ್ನುವರು. ಆ ಸ್ಥಾನದಲ್ಲಿರುವವನು ಹೀಗೆ ನಡೆಯಬೇಕೆಂದು ಇತರರು ನಿರೀಕ್ಷಿಸುವ ನಡವಳಿಕೆಯನ್ನು ಪಾತ್ರ ಎನ್ನುವರು. ಈ ಜೋಡಿಯನ್ನು ರಾಲ್ಫ್ ಲಿಂಟನ್ 1936ರಲ್ಲಿ ಸ್ಪಷ್ಟವಾಗಿ ನಿರೂಪಿಸಿದನು. ಹುಟ್ಟಿನಿಂದಲೇ ಬಂದುದು ಆರೋಪಿತ ಅಂತಸ್ತು. ಮಗಳು, ಅಣ್ಣ, ಒಂದು ಜಾತಿಯವನು ಎಂಬುದು ಇದರ ಉದಾಹರಣೆ. ಸ್ವಪ್ರಯತ್ನದಿಂದ ಪಡೆದುದು ಸಾಧಿತ ಅಂತಸ್ತು. ಕಂಡಕ್ಟರು, ಡಾಕ್ಟರು, ಪದವೀಧರೆ ಎಂಬುದು ಇದರ ಉದಾಹರಣೆ. ಒಬ್ಬನೇ ಅನೇಕ ಪಾತ್ರಗಳನ್ನು ವಹಿಸುವಾಗ ಅವು ಒಂದಕ್ಕೊಂದು ಎದುರು ಬೀಳುವುದುಂಟು. ಮೇಲ್ವಿಚಾರಣೆಗೆ ನಿಂತ ಉಪಾಧ್ಯಾಯರ ಮುಂದೆಯೇ ಅವರ ಮಗ ಪರೀಕ್ಷೆ ಬರೆಯುತ್ತಿದ್ದು ಚೀಟಿ ತೆಗೆದನೆನ್ನಿ. ತಂದೆಯ ಪಾತ್ರ ಒಂದು ಕಡೆಗೆ ಎಳೆಯುತ್ತದೆ, ಉಪಾಧ್ಯಾಯರ ಪಾತ್ರ ಇನ್ನೊಂದು ಕಡೆಗೆ. ಇದು ಪಾತ್ರಸಂಘರ್ಷ. ಇದನ್ನು ಅರಿತರೆ, ಇಕ್ಕಟ್ಟಿನಲ್ಲಿರುವವನನ್ನು 'ದುರ್ಬಲ' ಎಂದು ಹಳಿಯುವ ಮೊದಲು ಅವನು ನಿಂತ ಜಾಗವನ್ನು ನೋಡುವ ಅಭ್ಯಾಸ ಬರುತ್ತದೆ.

ರಾಂಪುರದಿಂದ ಬಂದ ಪದಗಳು

ಆರೋಪಿತ ಅಂತಸ್ತು ಎಂದೊಡನೆ ನಮ್ಮ ದೇಶದಲ್ಲಿ ಜಾತಿಯ ವಿಚಾರ ಬರಲೇಬೇಕು. ಈ ಕ್ಷೇತ್ರದಲ್ಲಿ ಜಗತ್ತಿನ ಸಮಾಜಶಾಸ್ತ್ರವೇ ಬಳಸುವ ಕೆಲವು ಪದಗಳು ಕನ್ನಡ ನೆಲದ ಅಧ್ಯಯನದಿಂದ ಹೊರಟವು. ಅವುಗಳನ್ನು ರೂಪಿಸಿದವರು ಮೈಸೂರಿನಲ್ಲಿ 1916ರಲ್ಲಿ ಹುಟ್ಟಿ, 1999ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಂ. ಎನ್. ಶ್ರೀನಿವಾಸರು.

ಕೊಡವರನ್ನು ಕುರಿತು 1952ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಸಂಸ್ಕೃತಾನುಕರಣವೆಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಶ್ರೇಣಿಯಲ್ಲಿ ಕೆಳಗಿನದೆಂದು ಎಣಿಸಲ್ಪಟ್ಟ ಒಂದು ಜಾತಿ, ಮೇಲಿನ ಜಾತಿಗಳ ಆಹಾರಕ್ರಮ, ಆಚಾರ, ಪೂಜಾವಿಧಿಗಳನ್ನು ಒಂದೆರಡು ತಲೆಮಾರುಗಳಲ್ಲಿ ಅಳವಡಿಸಿಕೊಂಡು, ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಕ್ರಮ ಇದು. ಇದರಿಂದ ಒಂದು ಜಾತಿಯ ಸ್ಥಾನ ಬದಲಾಗಬಹುದು, ಆದರೆ ಏಣಿಯೇ ಬದಲಾಗುವುದಿಲ್ಲವೆಂಬುದನ್ನೂ ಅವರು ಹೇಳಿದರು. ಅನುಕರಣೆಯನ್ನು ಒಲ್ಲದೆ, ಏಣಿಯನ್ನೇ ಪ್ರಶ್ನಿಸಿದವರ ಕಥೆ ಈ ಪದದೊಳಗೆ ಬರುವುದಿಲ್ಲವೆಂಬ ಟೀಕೆಯೂ ಇದೆ. ಅದು ತೂಕವುಳ್ಳ ಟೀಕೆ.

1948ರಲ್ಲಿ ಶ್ರೀನಿವಾಸರು ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲಸಿ, ಅಲ್ಲಿನವರೊಡನೆ ಬಾಳುತ್ತ ಅಭ್ಯಾಸ ನಡೆಸಿದರು. ಹಳ್ಳಿಯ ಗುರುತು ತಿಳಿಯದಿರಲೆಂದು ಬರಹದಲ್ಲಿ ಅದನ್ನು ರಾಂಪುರವೆಂದು ಕರೆದರು. ಹೀಗೆ ಜನರ ನಡುವೆಯೇ ಇದ್ದು, ಅವರ ಕೆಲಸಕಾರ್ಯಗಳಲ್ಲಿ ಬೆರೆತು ನೋಡುವ ವಿಧಾನಕ್ಕೆ ಸಹಭಾಗಿ ಅವಲೋಕನವೆಂದು ಹೆಸರು. ರಾಂಪುರದಲ್ಲಿ ಆಚಾರದ ಶ್ರೇಣಿಯ ತುದಿಯಲ್ಲಿದ್ದವರು ಬ್ರಾಹ್ಮಣರಾದರೂ, ಊರಿನ ವ್ಯವಹಾರದಲ್ಲಿ ಮಾತು ನಡೆಯುತ್ತಿದ್ದುದು ಒಕ್ಕಲಿಗರದು. ಇದನ್ನು ವಿವರಿಸಲು ಅವರು ಪ್ರಬಲ ಜಾತಿ ಎಂಬ ಪದವನ್ನು ಬಳಸಿ, 1959ರ ಲೇಖನದಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಜನಸಂಖ್ಯೆ, ಭೂಮಿ, ರಾಜಕೀಯ ಮತ್ತು ಆರ್ಥಿಕ ಬಲ, ಆಚಾರದ ಶ್ರೇಣಿಯಲ್ಲಿ ತೀರ ಕೆಳಗಲ್ಲದ ಸ್ಥಾನ, ಇವು ಪ್ರಾಬಲ್ಯದ ಲಕ್ಷಣಗಳು. ವಿದ್ಯೆ ಮತ್ತು ಹೊಸ ಉದ್ಯೋಗಗಳು ಈ ಪಟ್ಟಿಗೆ ಸೇರುತ್ತ ಬಂದವು. ಚುನಾವಣೆಯ ಕಾಲದಲ್ಲಿ ಪತ್ರಿಕೆಗಳು ದಿನವೂ ಬಳಸುವ 'ವೋಟ್ ಬ್ಯಾಂಕ್' ಎಂಬ ಪದವೂ 1955ರ ಅವರ ಲೇಖನದಲ್ಲಿ ಬಂದದ್ದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 'ಪ್ರಬಲ' ಎಂಬುದು ಒಂದು ಜಾತಿಯ ರಕ್ತದ ಗುಣವಲ್ಲ. ಅದು ಒಂದು ಊರಿನಲ್ಲಿ, ಒಂದು ಕಾಲದಲ್ಲಿ, ಭೂಮಿ ಮತ್ತು ಅಧಿಕಾರಗಳು ಹಂಚಿಕೆಯಾದ ರೀತಿಯನ್ನು ಹೇಳುವ ಮಾತು. ಒಂದೇ ಜಾತಿ ಒಂದು ಹಳ್ಳಿಯಲ್ಲಿ ಪ್ರಬಲವಾಗಿದ್ದು ಹತ್ತು ಮೈಲಿಯಾಚೆ ಹಾಗಿಲ್ಲದಿರಬಹುದು. ಪ್ರಬಲ ಜಾತಿಯಲ್ಲಿ ಹುಟ್ಟಿದ ಒಬ್ಬ ಕೂಲಿಕಾರನಿಗೆ ಆ ಪ್ರಾಬಲ್ಯದ ಪಾಲು ಅತ್ಯಲ್ಪವಾಗಿರಬಹುದು. ವೇಗವನ್ನು ಹೇಳುವಾಗ ಯಾವ ಚೌಕಟ್ಟಿಗೆ ಸಾಪೇಕ್ಷವಾಗಿ ಎಂದು ಕೇಳುವಂತೆ, ಇಲ್ಲಿಯೂ ಯಾವ ಊರು, ಯಾವ ಕಾಲ ಎಂದು ಕೇಳಬೇಕು. ನೋಡುವವನು ಎಲ್ಲಿ ನಿಂತಿದ್ದನೆಂಬುದನ್ನೂ ಕೇಳಬೇಕು. ಊರಿನ ಮುಖ್ಯಸ್ಥರ ಆಶ್ರಯದಲ್ಲಿ ಉಳಿದ ತಾನು ಬಹುಮಟ್ಟಿಗೆ ಮೇಲಿನ ಜಾತಿಗಳವರ ನಡುವಿನಿಂದಲೇ ಹಳ್ಳಿಯನ್ನು ಕಂಡೆನೆಂಬುದನ್ನು ಶ್ರೀನಿವಾಸರೇ ಬರೆದಿದ್ದಾರೆ. ತನ್ನ ಚೌಕಟ್ಟನ್ನು ತಾನೇ ಹೇಳುವವನು ಒಳ್ಳೆಯ ವೀಕ್ಷಕ.

ಬೆಂಕಿ ಮತ್ತು ನೆನಪು

ಈ ಹಳ್ಳಿಯ ಕಥೆ ನಮ್ಮನ್ನು ಮರಳಿ ಮನಶ್ಶಾಸ್ತ್ರಕ್ಕೆ ಕರೆದೊಯ್ಯುತ್ತದೆ. 1970ರಲ್ಲಿ ಶ್ರೀನಿವಾಸರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದರು. ಆ ವರ್ಷದ ಏಪ್ರಿಲ್ 24ರಂದು ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ರಾಂಪುರದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಶ್ರಮಿಸಿ ವಿಂಗಡಿಸಿ ಬರೆದಿಟ್ಟಿದ್ದ ಮೂರು ಪ್ರತಿಗಳೂ ಆ ಬೆಂಕಿಗೆ ಸಿಕ್ಕವು. ಅವರು ಎದೆಗುಂದಿ ಕೈಚೆಲ್ಲಲಿಲ್ಲ; ಮುಖ್ಯವಾಗಿ ನೆನಪನ್ನೇ ಆಧಾರವಾಗಿಟ್ಟುಕೊಂಡು ಆ ಹಳ್ಳಿಯ ಗ್ರಂಥವನ್ನು ಬರೆದರು. ಅದು 1976ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು.

ಇಪ್ಪತ್ತು ವರ್ಷಗಳಿಗೂ ಹಿಂದಿನ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು? ನೆನಪಿನಲ್ಲಿ ಮೂರು ಹಂತಗಳನ್ನು ಮನಶ್ಶಾಸ್ತ್ರ ಗುರುತಿಸುತ್ತದೆ: ಗ್ರಹಿಸಿ ದಾಖಲಿಸುವುದು, ಉಳಿಸಿಕೊಳ್ಳುವುದು, ಬೇಕಾದಾಗ ಹೊರತೆಗೆಯುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಮರೆವು ಮೊದಲ ಒಂದು ಗಂಟೆಯೊಳಗೇ ವೇಗವಾಗಿ ನಡೆದು, ಅನಂತರ ನಿಧಾನವಾಗುತ್ತದೆಂದು ಅವನು ಕಂಡನು. ಪರೀಕ್ಷೆಯ ಹಿಂದಿನ ರಾತ್ರಿ ಅರ್ಥ ತಿಳಿಯದೆ ಉರು ಹೊಡೆಯುವವರಿಗೆ ಇದರಲ್ಲಿ ಪಾಠವಿದೆ.

ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ ಬೇರೊಂದು ದಾರಿಯನ್ನು ಹಿಡಿದನು. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಓದಿಸಿ, ಕಾಲಾಂತರದಲ್ಲಿ ಮತ್ತೆ ಮತ್ತೆ ಹೇಳಿಸಿದನು. ಅವರು ಕಥೆಯನ್ನು ಮರೆತುದಷ್ಟೇ ಅಲ್ಲ; ತಮಗೆ ಅಪರಿಚಿತವಾದುದನ್ನು ಬಿಟ್ಟು, ಪರಿಚಿತವಾದುದನ್ನು ತುಂಬಿ, ಕಥೆಯನ್ನೇ ತಮ್ಮದಾಗಿ ಮಾಡಿಕೊಂಡಿದ್ದರು. 1932ರ ಗ್ರಂಥದಲ್ಲಿ ಅವನು, ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವನ್ನು ಹೊರತೆಗೆಯುವಂತಹುದಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಕಾರ್ಯ ಎಂದು ವಾದಿಸಿದನು. ಕಟ್ಟಲು ಬಳಸುವ ಮನಸ್ಸಿನ ಸಿದ್ಧ ಚೌಕಟ್ಟಿಗೆ ಸ್ಕೀಮಾ ಎಂಬ ಹೆಸರಿದೆ. ಆದುದರಿಂದ ನೆನಪಿನಿಂದ ಬರೆದ ಗ್ರಂಥವನ್ನು ಸುಳ್ಳೆಂದು ತಳ್ಳಬೇಕಾಗಿಲ್ಲ, ಛಾಯಾಚಿತ್ರವೆಂದು ನಂಬಬೇಕಾಗಿಯೂ ಇಲ್ಲ. ಅರ್ಥವುಳ್ಳ, ಬಾಳಿ ಅನುಭವಿಸಿದ ಸಂಗತಿಗಳು ಅರ್ಥವಿಲ್ಲದ ಅಕ್ಷರಗಳಿಗಿಂತ ಬಹುಕಾಲ ಉಳಿಯುತ್ತವೆ. ಆದರೆ ಉಳಿಯುವಾಗ ನೆನೆಯುವವನ ರೂಪವನ್ನು ತಾಳುತ್ತವೆ. ಆ ಗ್ರಂಥ ಹೇಗೆ ಬರೆಯಲ್ಪಟ್ಟಿತೆಂಬುದನ್ನು ಗ್ರಂಥಕರ್ತರೇ ಹೇಳಿರುವುದರಿಂದ ಓದುಗನು ಅದನ್ನು ಸರಿಯಾಗಿ ತೂಗಬಲ್ಲನು.

ಕಾಯಿಲೆಯ ಹೆಸರು, ಕಳಂಕದ ಹೆಸರು

ಕೊನೆಯ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಜಯನಗರದಿಂದ ಹೊಸೂರು ರಸ್ತೆಗೆ ಬಂದರೆ ನಿಮ್ಹಾನ್ಸ್ ಸಿಗುತ್ತದೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ಈ ಸಂಸ್ಥೆಯಾಯಿತು. ಮನೋರೋಗಗಳಿಗೆ ಮಾತ್ರವಲ್ಲದೆ ಅಪಸ್ಮಾರ, ಪಾರ್ಶ್ವವಾಯು, ತಲೆಯ ಪೆಟ್ಟು ಮೊದಲಾದ ನರಸಂಬಂಧವಾದ ತೊಂದರೆಗಳಿಗೂ ಇಲ್ಲಿ ಚಿಕಿತ್ಸೆಯುಂಟು. ಆದರೂ ಕಾಲೇಜಿನ ಹುಡುಗರು ಒಬ್ಬರನ್ನೊಬ್ಬರು ಹಾಸ್ಯ ಮಾಡುವಾಗ ಈ ಆಸ್ಪತ್ರೆಯ ಹೆಸರನ್ನೇ ಬೈಗುಳದಂತೆ ಬಳಸುವುದನ್ನು ಕೇಳುತ್ತೇವೆ.

ಒಂದು ಲಕ್ಷಣದ ಕಾರಣದಿಂದ ಇಡೀ ಮನುಷ್ಯನನ್ನೇ ಕೀಳೆಂದು ಎಣಿಸುವುದನ್ನು ಸಮಾಜಶಾಸ್ತ್ರದಲ್ಲಿ ಕಳಂಕ ಎನ್ನುವರು. ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕಳಂಕ ಅಂಟಿಕೊಂಡಾಗ ಶಾಸ್ತ್ರದ ಪದವೇ ಕೆಡುತ್ತದೆ. 'ಈಡಿಯಟ್', 'ಇಂಬೆಸೈಲ್', 'ಮೋರಾನ್' ಎಂಬವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾನಸಿಕ ವಯಸ್ಸಿನ ಆಧಾರದ ಮೇಲೆ ಮಾಡಿದ ವರ್ಗೀಕರಣದ ಪದಗಳು. ಇಂದು ಅವು ಬೈಗುಳಗಳು. ನಮ್ಮ ದೇಶದಲ್ಲಿ 1912ರ ಕಾಯಿದೆಯ ಹೆಸರು ಭಾರತೀಯ ಲೂನಸಿ ಕಾಯಿದೆ ಎಂದಿತ್ತು. 1987ರ ಕಾಯಿದೆ ಅದನ್ನು ತೆಗೆದು 'ಮಾನಸಿಕ ಆರೋಗ್ಯ' ಎಂಬ ಮಾತನ್ನು ತಂದಿತು. 2017ರ ಕಾಯಿದೆ ಮಾನಸಿಕ ಆರೋಗ್ಯದ ಆರೈಕೆಯನ್ನು ಪಡೆಯುವುದು ಪ್ರಜೆಯ ಹಕ್ಕೆಂದು ಹೇಳಿತು. ಹುಚ್ಚನೆಂಬ ಹೆಸರಿನಿಂದ ಹಕ್ಕುಳ್ಳ ಮನುಷ್ಯನೆಂಬ ಹೆಸರಿಗೆ ಬರಲು ಕಾನೂನಿಗೆ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಒಂದು ಕಿರುಪರೀಕ್ಷೆಯಲ್ಲಿ ಅಂಕ ಕಡಮೆ ಬಂದ ದಿನ, "ನನಗೆ ಡಿಪ್ರೆಷನ್" ಎನ್ನುವುದು ರೂಢಿಯಾಗಿದೆ. ವೈದ್ಯರು ಖಿನ್ನತೆಯೆಂಬ ಪದವನ್ನು ಹಾಗೆ ಬಳಸುವುದಿಲ್ಲ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆಗಳ ಏರುಪೇರು, ಆಯಾಸ, ತ��ನು ಯಾವುದಕ್ಕೂ ಬಾರದವನೆಂಬ ಭಾವನೆ, ಸಾವಿನ ಆಲೋಚನೆ ಮೊದಲಾದ ಲಕ್ಷಣಗಳಲ್ಲಿ ಹಲವು, ದಿನದ ಬಹುಭಾಗ, ಹೆಚ್ಚುಕಡಮೆ ಪ್ರತಿದಿನವೂ, ಕನಿಷ್ಠ ಎರಡು ವಾರ ಮುಂದುವರಿದಿರಬೇಕೆಂದು ಅವರು ನೋಡುತ್ತಾರೆ. ಇದೂ ಒಂದು ಕಾರ್ಯಾತ್ಮಕ ವ್ಯಾಖ್ಯೆಯೇ. ಪದವನ್ನು ಹಗುರವಾಗಿ ಬಳಸಿದರೆ ಆಗುವ ಕೇಡು ಇಷ್ಟು: ನಿಜವಾಗಿ ಖಿನ್ನತೆಯಿಂದ ನರಳುವ ಗೆಳತಿ ಅದೇ ಮಾತನ್ನು ಹೇಳಿದಾಗ, "ಎಲ್ಲರಿಗೂ ಇದ್ದದ್ದೇ" ಎಂದು ನಾವು ನಕ್ಕು ಮುಂದೆ ಸಾಗುತ್ತೇವೆ. ಅಂತಹವರು ಹತ್ತಿರದಲ್ಲಿದ್ದರೆ ಅವರ ಮಾತನ್ನು ಕುಳಿತು ಕೇಳಬೇಕು, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಕೇಳಬೇಕಾದ ಮೂರು ಪ್ರಶ್ನೆಗಳು

ಮೇಲೆ ವಿವರಿಸಿದ ಪದಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದು ಕಷ್ಟವಲ್ಲ. ಆದರೆ ಮನುಷ್ಯನನ್ನು ಕುರಿತ ಯಾವುದೇ ಪದವನ್ನು ಬಳಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಅದಕ್ಕಿಂತ ಮಿಗಿಲಾದ ವಿದ್ಯೆ. ಈ ಪದವು ಏನನ್ನು ಅಳೆಯುತ್ತದೆ, ಹೇಗೆ ಅಳೆಯುತ್ತದೆ? ಯಾರ ನಡುವೆ, ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಅದನ್ನು ಅಳೆದರು? ನಾನು ಅದನ್ನು ಈಗ ಬಳಸುತ್ತಿರುವುದು ತಿಳಿಯುವುದಕ್ಕಾಗಿಯೋ, ಒಬ್ಬನನ್ನು ತಳ್ಳಿಹಾಕುವುದಕ್ಕಾಗಿಯೋ?

ಮೊದಲ ಪ್ರಶ್ನೆಗೆ ಬಿನೆಯ ಪರೀಕ್ಷೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕಾಮತರ ಪರಿಷ್ಕರಣವೂ ರಾಂಪುರದ ಅಧ್ಯಯನವೂ ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಯಾವ ಗ್ರಂಥವೂ ಉತ್ತರ ಕೊಡಲಾರದು. ಅದನ್ನು ನಾವೇ ಕೊಟ್ಟುಕೊಳ್ಳಬೇಕು. ಅಳತೆಗೋಲು ಒಳ್ಳೆಯ ಉಪಕರಣ. ಅದನ್ನು ಹಿಡಿದವನು ಅಳೆಯಲೂಬಹುದು, ಹೊಡೆಯಲೂಬಹುದು. ಮನುಷ್ಯನನ್ನು ಕುರಿತ ಶಾಸ್ತ್ರಗಳ ವಿದ್ಯಾರ್ಥಿ ಮೊದಲು ಕಲಿಯಬೇಕಾದುದು ಈ ಎರಡರ ನಡುವಣ ವ್ಯತ್ಯಾಸವನ್ನು.